ಹೊಳೆಗಿಳಿಯುವ ಮುನ್ನ

ಮಲೆನಾಡಿನ ಹೊಳೆಗಳ ದಡದಲ್ಲಿ ಈಚೆಗೆ ಹೇರಳವಾಗಿ ಕಾಣಬರುವ ಸಾಹಿತ್ಯವೆಂದರೆ ಎಚ್ಚರಿಕೆಯ ಫಲಕ. 'ಇಲ್ಲಿ ನೀರಿಗೆ ಇಳಿಯಬಾರದು' ಎಂದು ಕೆಂಪು ಬಣ್ಣದಲ್ಲಿ ಬರೆದಿರುತ್ತದೆ. ಕೆಳಗೆ ಅಪ್ಪಣೆ ಹೊರಡಿಸಿದವರ ಹೆಸರು. ಬರೆಸಿದವರ ಉದ್ದೇಶ ಒಳ್ಳೆಯದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಈ ಫಲಕ ಚೈತ್ರದಲ್ಲಿ ಹೇಳುವ ಮಾತನ್ನೇ ಆಷಾಢದಲ್ಲಿಯೂ ಹೇಳುತ್ತದೆ. ಮೊಣಕಾಲುದ್ದದ ತಿಳಿನೀರಿನಲ್ಲಿ ಮಕ್ಕಳು ಏಡಿ ಹಿಡಿಯುವಾಗಲೂ, ಆಳೆತ್ತರದ ಕೆನ್ನೀರು ಮರದ ದಿಮ್ಮಿಗಳನ್ನು ಹೊತ್ತು ಓಡುವಾಗಲೂ ಅದಕ್ಕೆ ಒಂದೇ ನುಡಿ. ಎಲ್ಲ ಕಾಲಕ್ಕೂ ಒಂದೇ ಮಾತನ್ನಾಡುವವನ ಮಾತಿಗೆ ಯಾರು ಕಿವಿಗೊಡುತ್ತಾರೆ? ಜನ ಅದನ್ನು ಬಳಸಿಕೊಂಡು ನೀರಿಗಿಳಿಯುತ್ತಾರೆ. ಕೆಲವರು ಅಂಗಿಯನ್ನು ಅದಕ್ಕೇ ತೂಗುಹಾಕಿ ಇಳಿಯುತ್ತಾರೆ.

ಈ ಮಾತು ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಇತ್ತಾದರೂ ಅದನ್ನು ಬರೆಯುವಂತೆ ಮಾಡಿದವರು ನಾಲ್ವರು ವಿದ್ಯಾರ್ಥಿಗಳು. ಕೇರಳದ ಕೋಳಿಕ್ಕೋಡು ಜಿಲ್ಲೆಯ ಕೋಡಂಚೇರಿಯಲ್ಲಿ ೨೦೧೩ರಲ್ಲಿ ಆರಂಭವಾದ ಮಲಬಾರ್ ನದಿ ಉತ್ಸವವನ್ನು ಅವರು ಚಿತ್ರಗಳಲ್ಲಿ ಕಂಡಿದ್ದರು. ಅಲ್ಲಿಯ ಚಾಲಿಪ್ಪುಳ, ಇರುವಂಜಿಪ್ಪುಳ ಎಂಬ ಬೆಟ್ಟದ ಹೊಳೆಗಳಲ್ಲಿ ದೇಶವಿದೇಶಗಳ ತರುಣರು ಕಯಾಕ್ ಎಂಬ ಒಬ್ಬಾಳಿನ ಕಿರುದೋಣಿಯಲ್ಲಿ ಕುಳಿತು ಬಂಡೆಯಿಂದ ಬಂಡೆಗೆ ಧುಮುಕುತ್ತಾರೆ. ನಮ್ಮ ಕಡೆಯೂ ಮಳೆಗಾಲದಲ್ಲಿ ಭದ್ರೆಯ ಮೇಲೆ ರಬ್ಬರು ದೋಣಿಗಳು ತೇಲುತ್ತವೆ. ಹಾಗಿರುವಾಗ ಕಳಸದ ಕೆಳಗೆ ಭದ್ರೆಯನ್ನು ಸೇರುವ ಒಂದು ಹಳ್ಳದಲ್ಲಿ ತಾವು ನಾಲ್ವರೂ ದೋಣಿಯಾನ ಮಾಡಬಾರದೇಕೆ ಎಂಬುದು ಅವರ ಪ್ರಶ್ನೆ. ಯೋಜನೆಯನ್ನು ಬರೆದುಕೊಂಡೇ ಬಂದಿದ್ದರು. ಬಸ್ಸಿನ ಖರ್ಚು, ಊಟದ ಖರ್ಚು, ದೋಣಿಯ ಬಾಡಿಗೆ, ಚಿತ್ರ ತೆಗೆಯುವ ಯಂತ್ರವನ್ನು ಯಾರು ತರಬೇಕು—ಎಲ್ಲವೂ ಅಚ್ಚುಕಟ್ಟಾಗಿತ್ತು. ಹೊಳೆಯ ಸುದ್ದಿ ಒಂದು ಸಾಲೂ ಇರಲಿಲ್ಲ.

ಆ ತರುಣರನ್ನು ದೂರಲು ನನಗೆ ಮನಸ್ಸಿಲ್ಲ. ಹೊಳೆಯ ವಿಚಾರವನ್ನು ಅವರಿಗೆ ಯಾರು ಹೇಳಿಕೊಟ್ಟಿದ್ದರು? ತುಂಗೆ, ಭದ್ರೆ, ನೇತ್ರಾವತಿಗಳು ಗಂಗಾಮೂಲದ ಬೆಟ್ಟದಲ್ಲಿ ಹುಟ್ಟುತ್ತವೆ, ತುಂಗೆ ಭದ್ರೆಗಳು ಕೂಡಲಿಯಲ್ಲಿ ಒಂದಾಗುತ್ತವೆ ಎಂದು ಶಾಲೆಯಲ್ಲಿ ಕಲಿತಿದ್ದಾರೆ. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದಾರೆ. ಹುಟ್ಟು ಗೊತ್ತು, ಸಂಗಮ ಗೊತ್ತು; ನಡುವೆ ನದಿ ಏನು ಮಾಡುತ್ತದೆಂಬುದು ನಮ್ಮ ಪಠ್ಯಗಳಲ್ಲಿ ಇಲ್ಲ. ಈ ವಿಚಾರದಲ್ಲಿ ಸಾಹಿತಿಗಳ ಪಾಲೂ ಸ್ವಲ್ಪ ಇದೆಯೆಂದು ಹೇಳಿದರೆ ಓದುಗರು ಮುನಿಯಬಾರದು. ನದಿಯನ್ನು ತಾಯಿ ಎಂದು ಕರೆದ ಪದ್ಯಗಳಿಗೆ ನಮ್ಮಲ್ಲಿ ಬರವಿಲ್ಲ. ಆ ತಾಯಿಗೆ ಯಾವಾಗ ಸಿಟ್ಟು ಬರುತ್ತದೆಂಬುದನ್ನು ಗಮನಿಸಿ ಬರೆದವರು ಕಡಿಮೆ. ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು, ಮೂಡಿಗೆರೆಯಲ್ಲಿ ನೆಲಸಿ ಗಾಳ ಹಿಡಿದು ಹೊಳೆಯಂಚಿನಲ್ಲಿ ದಿನಗಟ್ಟಲೆ ಕುಳಿತಿದ್ದ ಪೂರ್ಣಚಂದ್ರ ತೇಜಸ್ವಿಯವರು, ಹೀಗೆ ಕೆಲವರನ್ನು ಬಿಟ್ಟರೆ ಉಳಿದವರದು ಸೇತುವೆಯ ಮೇಲೆ ನಿಂತು ಮಾಡಿದ ನಮಸ್ಕಾರ.

ನಾನು ದೋಣಿಯ ಪಂಡಿತನಲ್ಲ. ಬಲ್ಲವರ ಜೊತೆಗೆ ಕೆಲವು ಸಲ ಭದ್ರೆಯ ಮೇಲೆ ಹೋಗಿದ್ದೇನೆ. ಅವರು ನೀರಿಗಿಳಿಯುವ ಮುನ್ನ ಎಷ್ಟು ಹೊತ್ತು ನೆಲದ ಮೇಲೆ ಕಳೆಯುತ್ತಾರೆಂಬುದನ್ನು ಕಂಡಿದ್ದೇನೆ. ನೀರಿನ ಮೇಲೆ ಎರಡು ಗಂಟೆಯ ಯಾನವಾದರೆ ದಡದ ಮೇಲೆ ಎರಡು ದಿನದ ಕೆಲಸ. ನನ್ನ ವಾದವೆಲ್ಲ ಆ ಎರಡು ದಿನಗಳ ಪರವಾದದ್ದು.

ಮೊದಲನೆಯದು ಮಳೆ. ದಾಂಡೇಲಿಯ ಬಳಿ ಕಾಳಿನದಿ ಮೇಲಿನ ವಿದ್ಯುದಾಗಾರ ಬಿಟ್ಟಷ್ಟು ನೀರನ್ನು ತರುತ್ತದೆ. ಅಲ್ಲಿ ನದಿಗೆ ಒಂದು ಗುಂಡಿಯಿದೆ, ಅದನ್ನು ಒತ್ತುವವನಿದ್ದಾನೆ. ಕಾಫಿಬೆಟ್ಟಗಳ ಹಳ್ಳಕ್ಕೆ ಅಂತಹ ಯಜಮಾನನಿಲ್ಲ. ಬಿದ್ದ ಮಳೆಯೇ ಹೊಳೆ. ಒಂದು ಚದರ ಕಿಲೋಮೀಟರು ನೆಲದ ಮೇಲೆ ಒಂದಂಗುಲ ಮಳೆ ಬಿದ್ದರೆ ಅದು ಎರಡೂವರೆ ಕೋಟಿ ಲೀಟರಿಗೆ ಮಿಕ್ಕಿದ ನೀರು. ಬೇಸಗೆಯ ಕೊನೆಯಲ್ಲಿ ಬಾಯಾರಿದ ನೆಲ ಅದರ ಬಹುಪಾಲನ್ನು ಕುಡಿಯುತ್ತದೆ. ತಿಂಗಳುಗಟ್ಟಲೆ ನೆನೆದು ತುಂಬಿದ ಆಷಾಢದ ನೆಲ ಬಿದ್ದುದರಲ್ಲಿ ಹೆಚ್ಚಿನದನ್ನು ಹಳ್ಳಕ್ಕೆ ದೂಡುತ್ತದೆ. ಅದೇ ಒಂದಂಗುಲ ಮಳೆ ಮೃಗಶಿರೆಯಲ್ಲಿ ಹಳ್ಳದ ಕಲ್ಲನ್ನು ತೋಯಿಸಿದರೆ ಪುಷ್ಯದಲ್ಲಿ ಕಲ್ಲನ್ನು ಮುಳುಗಿಸುತ್ತದೆ. ಇನ್ನೊಂದು ಮಾತು: ಮಳೆ ನಿಮ್ಮ ತಲೆಯ ಮೇಲೆಯೇ ಬೀಳಬೇಕೆಂಬ ನಿಯಮವಿಲ್ಲ. ಕಳಸದ ಪೇಟೆಯಲ್ಲಿ ಬಿಸಿಲಿರುವಾಗ ಕುದುರೆಮುಖದ ಶೋಲೆಗಳ ಮೇಲೆ ಮುಗಿಲು ಒಡೆದಿರಬಹುದು. ದೊಡ್ಡ ನದಿ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಕಡಿದಾದ ಸಣ್ಣ ಹಳ್ಳ ಒಂದು ಗಂಟೆಯೊಳಗೆ ಏರಿಬಿಡುತ್ತದೆ. ಹಳ್ಳ ಚಿಕ್ಕದು, ಆದ್ದರಿಂದ ಸುಲಭ ಎಂಬ ನಮ್ಮ ಹುಡುಗರ ಎಣಿಕೆ ಇಲ್ಲಿಯೇ ತಲೆಕೆಳಗಾಗಿತ್ತು.

ಆದರೆ ಈ ಲೆಕ್ಕವನ್ನು ಹಾಕಲು ಚಿಕ್ಕಮಗಳೂರು ಜಿಲ್ಲೆಯಷ್ಟು ಅನುಕೂಲವಾದ ಸೀಮೆ ಬೇರೆ ಇದ್ದೀತೆ ಎಂದು ನನಗೆ ಅನುಮಾನ. ಇಲ್ಲಿ ಕಾಫಿತೋಟಗಳ ಅಂಗಳದಲ್ಲಿ ಮಳೆ ಅಳೆಯುವ ಪಾತ್ರೆಯಿರುತ್ತದೆ. ಬೆಳಗಿನ ಕಾಫಿಗೆ ಮೊದಲು ಮನೆಯ ಹಿರಿಯರೋ ರೈಟರೋ ಹೋಗಿ ನೋಡಿ, ಇಂಚು ಸೆಂಟುಗಳ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ದೇಶವೆಲ್ಲ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾದರೂ ತೋಟದವರ ಮಳೆ ಇಂಚಿನಲ್ಲಿಯೇ ಸುರಿಯುತ್ತದೆ. ಹೂಮಳೆ ಯಾವ ದಿನ ಬಂತು, ಎಷ್ಟು ಬಂತು, ಅದರ ಬೆನ್ನಿಗೆ ಬರಬೇಕಾದ ಮಳೆ ಬಂತೇ ಇಲ್ಲವೇ ಎಂಬುದರ ಮೇಲೆ ವರ್ಷದ ಬೆಳೆ ನಿಂತಿರುವುದರಿಂದ ಈ ಬರವಣಿಗೆಯಲ್ಲಿ ಮೈಗಳ್ಳತನವಿಲ್ಲ. ತಲೆಮಾರುಗಳ ಮಳೆ ಹೀಗೆ ರಟ್ಟಿನ ಪುಸ್ತಕಗಳಲ್ಲಿ ಕುಳಿತಿದೆ. ಸಂತೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಮಾತು 'ನಿಮ್ಮಲ್ಲಿ ಎಷ್ಟಾಯಿತು?' ಆರೋಗ್ಯದ ಪ್ರಶ್ನೆ ಆಮೇಲೆ.

ನಾನು ಆ ವಿದ್ಯಾರ್ಥಿಗಳಿಗೆ ಹೇಳಿದ್ದು ಇಷ್ಟೆ. ನೀವು ಇಳಿಯಬೇಕೆಂದಿರುವ ಹಳ್ಳದ ನೆತ್ತಿಯಲ್ಲಿ, ನಡುವಿನಲ್ಲಿ, ಬುಡದಲ್ಲಿ ಮೂರು ತೋಟಗಳನ್ನು ಗುರುತಿಸಿ. ಅಲ್ಲಿಯ ಹಿರಿಯರನ್ನು ಕಂಡು ಹತ್ತು ದಿನ ಮೊದಲಿನಿಂದ ದಿನದಿನದ ಮಳೆಯನ್ನು ಕೇಳಿ ಬರೆದುಕೊಳ್ಳಿ. ಜೊತೆಗೆ ಹಳ್ಳದ ಒಂದು ಬಂಡೆಯನ್ನು ಆರಿಸಿ, ಪ್ರತಿದಿನ ಅದು ಎಷ್ಟು ಮುಳುಗಿದೆ ಎಂದು ನೋಡಿ. ಮಳೆಗೂ ಬಂಡೆಗೂ ಇರುವ ಸಂಬಂಧ ನಿಮಗೆ ತಿಳಿದ ದಿನ ನಿಮ್ಮ ಯೋಜನೆಗೆ ಕಾಲು ಮೂಡುತ್ತದೆ.

ಎರಡನೆಯ ದಿನದ ಕೆಲಸ ಕಾಲ್ನಡಿಗೆ. ದೋಣಿ ಹೋಗುವ ದಾರಿಯನ್ನೆಲ್ಲ ದಡದ ಮೇಲೆ ನಡೆದು ನೋಡಬೇಕು. ಕಾಫಿಗಿಡಗಳ ನಡುವೆ, ಜಿಗಣೆಗಳ ನಡುವೆ, ತೋಟದವರ ಅಪ್ಪಣೆ ಪಡೆದು. ಇದು ಬೇಸರದ ಕೆಲಸ. ಆದ್ದರಿಂದಲೇ ಜನ ಇದನ್ನು ಬಿಡುತ್ತಾರೆ. ಬೆಟ್ಟದ ಹೊಳೆಯ ಅಪಾಯಗಳೆಂದರೆ ಎತ್ತರದ ಅಬ್ಬಿ, ಭೋರ್ಗರೆತ ಎಂದು ಸಾಮಾನ್ಯರು ಭಾವಿಸುತ್ತಾರೆ. ಅಬ್ಬಿಯಾದರೋ ದೂರದಿಂದಲೇ ಕೂಗಿ ಹೇಳುತ್ತದೆ. ಕೊಲ್ಲುವವು ಸದ್ದಿಲ್ಲದವು. ಗಾಳಿಗೆ ಉರುಳಿ ಹಳ್ಳಕ್ಕೆ ಅಡ್ಡಬಿದ್ದ ಸಿಲ್ವರ್ ಓಕ್ ಮರ ಅಂತಹದೊಂದು. ಕೊಂಬೆಗಳ ಸಂದಿನಲ್ಲಿ ನೀರು ಸಲೀಸಾಗಿ ಹಾದುಹೋಗುತ್ತದೆ; ಮನುಷ್ಯ ಹಾದುಹೋಗಲಾರ. ಜರಡಿಯಲ್ಲಿ ನುಚ್ಚು ನಿಲ್ಲುವಂತೆ ಅವನು ಅಲ್ಲಿಯೇ ನಿಲ್ಲುತ್ತಾನೆ, ಹಿಂದಿನಿಂದ ನೀರು ಒತ್ತುತ್ತಲೇ ಇರುತ್ತದೆ. ಹರಿವಿನ ವೇಗ ಇಮ್ಮಡಿಯಾದರೆ ಆ ಒತ್ತಡ ನಾಲ್ಮಡಿಯಾಗುತ್ತದೆ. ಬಿದಿರುಮೆಳೆ, ದನಗಳಿಗೆಂದು ಹಳ್ಳಕ್ಕಡ್ಡ ಎಳೆದ ಮುಳ್ಳುತಂತಿ, ಬೇಸಗೆಯಲ್ಲಿ ಹೂವಿಗೆ ನೀರು ಹಾಯಿಸಿ ಹಾಗೆಯೇ ಬಿಟ್ಟ ಪಂಪಿನ ಕೊಳವೆ—ಇವೆಲ್ಲ ಆ ಜಾತಿಯವೇ. ಹಿಮಾಲಯದ ನದಿಯ ಬಗ್ಗೆ ಪರದೇಶದವರು ಬರೆದ ಕೈಪಿಡಿಯಲ್ಲಿ ಕಾಫಿತೋಟದ ಮುಳ್ಳುತಂತಿಯ ಸುದ್ದಿ ಇರುವುದಿಲ್ಲ.

ಕಿಂಡಿ ಅಣೆಕಟ್ಟಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ನೋಡಲು ಆಳೆತ್ತರವೂ ಇಲ್ಲದ, ಮಳೆಗಾಲದಲ್ಲಿ ನೀರು ನುಣ್ಣಗೆ ಹಾಸಿನಂತೆ ಮೇಲಿಂದ ಜಾರುವ ಒಂದು ಕಟ್ಟೆ. ಮಕ್ಕಳ ಜಾರುಬಂಡೆಯಂತೆ ಕಾಣುತ್ತದೆ. ಆದರೆ ಕಟ್ಟೆಯ ಬುಡದಲ್ಲಿ ಬಿದ್ದ ನೀರು ತಳಕ್ಕಿಳಿದು, ಮೇಲೆದ್ದು, ಹಿಂದಕ್ಕೆ ಮರಳಿ ಕಟ್ಟೆಯ ಕಡೆಗೇ ಉರುಳುತ್ತದೆ. ಸಹಜವಾದ ಬಂಡೆಯ ಹಿಂದಿನ ಸುಳಿಗೆ ಎಲ್ಲಿಯಾದರೂ ಒಂದು ಬಿರುಕು, ಹೊರಬೀಳುವ ಒಂದು ಬಾಗಿಲು ಇರುತ್ತದೆ. ಮನುಷ್ಯ ದಾರ ಹಿಡಿದು ನೇರವಾಗಿ ಕಟ್ಟಿದ ಕಟ್ಟೆಯ ಉರುಳಿಗೆ ದಡದಿಂದ ದಡದವರೆಗೆ ಬಾಗಿಲೇ ಇಲ್ಲ. ದೋಣಿಯನ್ನೂ, ಆಳನ್ನೂ, ತೆಂಗಿನ ಕಾಯಿಯನ್ನೂ ಅದು ಒಂದೇ ಸಮನಾಗಿ ಹೊರಳಿಸುತ್ತ ಇಟ್ಟುಕೊಳ್ಳುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಅದು ಮೈಯನ್ನು ತೇಲಿಸುವ ನೀರೂ ಅಲ್ಲ, ಉಸಿರಾಡುವ ಗಾಳಿಯೂ ಅಲ್ಲ. ಕೆರೆಯಲ್ಲಿ ಮೀನಿನಂತೆ ಈಜುವವನು ಇಲ್ಲಿ ಕಲ್ಲಾಗುತ್ತಾನೆ. ಕಟ್ಟೆ ಕಂಡಲ್ಲಿ ದೋಣಿಯನ್ನು ಹೆಗಲಿಗೇರಿಸಿ ದಡದ ಮೇಲೆ ನಡೆಯುವುದೊಂದೇ ದಾರಿ. ಇದರಲ್ಲಿ ಧೀರ ಅಧೀರ ಎಂಬ ಭೇದವಿಲ್ಲ.

ನಮ್ಮ ಕಾಲುಸಂಕವೂ ಹೀಗೆಯೇ. ಅಡಕೆಮರದ ಎರಡು ದಿಮ್ಮಿ, ಹಿಡಿಯಲು ಒಂದು ಬಳ್ಳಿ. ಬೇಸಗೆಯಲ್ಲಿ ಹಳ್ಳದಿಂದ ಎರಡಾಳೆತ್ತರದಲ್ಲಿರುವುದು ನೆರೆಯಲ್ಲಿ ದೋಣಿಯವನ ಕುತ್ತಿಗೆಯ ಮಟ್ಟಕ್ಕೆ ಬರುತ್ತದೆ. ಆದರೆ ಕಾಲುಸಂಕದ ಮಾತು ಬಂದಾಗ ದೋಣಿಯವನಿಗಿಂತ ಮೊದಲು ನೆನಪಾಗುವವರು ಶಾಲೆಯ ಮಕ್ಕಳು. ೨೦೨೨ರ ಮಳೆಗಾಲದಲ್ಲಿ ಬೈಂದೂರಿನ ಬಳಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎಳೆಯ ಬಾಲಕಿ ಕಾಲುಸಂಕದಿಂದ ಜಾರಿ ಕೊಚ್ಚಿಹೋದಳು. ಅವಳು ಸಾಹಸಕ್ಕೆ ಹೋದವಳಲ್ಲ. 'ಹೊಳೆಯ ಆಟ ಪೇಟೆಯ ಹಣವಂತರ ಚಟ, ಅವರ ಸುರಕ್ಷತೆಯ ಚಿಂತೆ ನಮಗೇಕೆ?' ಎಂದು ನನ್ನೊಡನೆ ವಾದಿಸಿದ ಮಿತ್ರರಿಗೆ ನಾನು ಈ ಉತ್ತರವನ್ನೇ ಕೊಟ್ಟೆ. ಹೊಳೆ ಎಷ್ಟು ಏರಿದೆ, ಇನ್ನೆಷ್ಟು ಏರೀತು ಎಂಬ ಪ್ರಶ್ನೆ ದೋಣಿಯ ತರುಣನಿಗೂ, ಗದ್ದೆಗೆ ಹೋಗುವ ಹೆಂಗಸಿಗೂ, ಪುಸ್ತಕದ ಚೀಲ ಹೊತ್ತ ಮಗುವಿಗೂ ಒಂದೇ. ಒಬ್ಬರಿಗೆ ಉತ್ತರ ಸಿಕ್ಕರೆ ಎಲ್ಲರಿಗೂ ಸಿಕ್ಕಂತೆ.

ಎದುರುಪಕ್ಷದ ಇನ್ನೊಂದು ವಾದ ಧಾರ್ಮಿಕವಾದದ್ದು. ಅದನ್ನು ಗೌರವದಿಂದಲೇ ಎತ್ತಿಕೊಳ್ಳುತ್ತೇನೆ. ಭದ್ರೆ ತೀರ್ಥ, ಅವಳ ಮೇಲೆ ಕೇಕೆ ಹಾಕಿ ದೋಣಿ ಆಡಿಸುವುದು ಸಲ್ಲದು ಎಂದು ಹೇಳುವವರಿದ್ದಾರೆ. ಕೇಕೆಯ ಬಗ್ಗೆ ನನ್ನ ಮತವೂ ಅದೇ. ಮದ್ಯ ಸೇವಿಸಿ ಹೊಳೆಗೆ ಬರುವವರ ಬಗ್ಗೆ ನನ್ನ ಮತ ಅವರಿಗಿಂತ ಕಟುವಾದದ್ದು. ಆದರೆ ಹತ್ತಿರ ಹೋದವನಿಗೇ ಭಕ್ತಿ ಹೆಚ್ಚುವ ಸ್ಥಳಗಳೂ ಇವೆ. ಕಳಸದ ಪಂಚತೀರ್ಥಗಳಲ್ಲಿ ಒಂದಾದ ಅಂಬಾತೀರ್ಥದಲ್ಲಿ ಭದ್ರೆ ಬಂಡೆಗಳ ನಡುವೆ ಸೊಂಟ ಕಿರಿದಾಗಿಸಿಕೊಂಡು ನುಗ್ಗುತ್ತಾಳೆ. ಅಲ್ಲಿರುವ ಹೆಬ್ಬಂಡೆಯನ್ನು ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿಟ್ಟರೆಂದು ಬಂಡೆಯ ಮೇಲೆಯೇ ಶಾಸನವಿದೆ. ಬಂಡೆಯನ್ನು ಎತ್ತಿಡುವುದು ನಮ್ಮಂಥವರ ಅಳವಿನ ಮಾತಲ್ಲ. ಬಂಡೆಯ ಮೇಲ್ಮಗ್ಗುಲಲ್ಲಿ ನೀರು ದಿಂಬಿನಂತೆ ಉಬ್ಬಿದೆಯೇ, ಇಲ್ಲವೇ ಸದ್ದಿಲ್ಲದೆ ಒಳಗೆ ಇಳಿದುಹೋಗುತ್ತಿದೆಯೇ ಎಂದು ನೋಡುವುದು ಮಾತ್ರ ನಮ್ಮ ಕೈಲಾಗುತ್ತದೆ. ಉಬ್ಬಿದ್ದರೆ ಆ ಬಂಡೆ ಗಟ್ಟಿ. ನೀರು ತನಗೆ ತಾನೇ ಪಕ್ಕಕ್ಕೆ ಸರಿಯುತ್ತದೆ, ದೋಣಿಯನ್ನೂ ಸರಿಸುತ್ತದೆ. ಉಬ್ಬಿಲ್ಲದಿದ್ದರೆ ಬಂಡೆಯ ಕೆಳಗೆ ಪೊಟರೆಯಿದೆ ಎಂದರ್ಥ, ಅದರ ಬಳಿ ಸುಳಿಯಲಾಗದು. ತೀರ್ಥಸ್ನಾನಕ್ಕೆ ಬಂದ ಯಾತ್ರಿಕನಿಗೂ ಇದು ತಿಳಿದಿರಬೇಕಾದ ವಿದ್ಯೆ.

ಇಂಗ್ಲಿಷಿನವರು ಇದನ್ನು ನದಿಯನ್ನು ಓದುವುದು ಎನ್ನುತ್ತಾರೆ. ಅವರು ನೊರೆಹೊನಲುಗಳನ್ನು ಒಂದರಿಂದ ಆರರವರೆಗೆ ದರ್ಜೆ ಮಾಡಿದ್ದಾರೆ. ಒಂದು ಎಂದರೆ ಅಲುಗುವ ನೀರು, ಆರು ಎಂದರೆ ಬದುಕುವ ಆಸೆಯನ್ನು ದಡದಲ್ಲಿಟ್ಟು ಹೋಗುವ ನೀರು. ಉಪಯುಕ್ತವಾದ ಏರ್ಪಾಡೇ. ಆದರೆ ದರ್ಜೆ ಹೊಳೆಗೆ ಅಂಟಿಕೊಂಡದ್ದಲ್ಲ, ಆ ದಿನದ ನೀರಿಗೆ ಅಂಟಿಕೊಂಡದ್ದು ಎಂಬುದನ್ನು ಹೇಳುವವರು ಕಡಿಮೆ. ನಿನ್ನೆ ಎರಡರ ದರ್ಜೆಯಲ್ಲಿದ್ದ ಹಳ್ಳ ರಾತ್ರಿ ಕಳೆಯುವುದರೊಳಗೆ ನಾಲ್ಕಕ್ಕೆ ಬಡ್ತಿ ಪಡೆದಿರಬಹುದು. ಆಸ್ಪತ್ರೆ ಮೂವತ್ತು ಮೈಲಿ ದೂರದಲ್ಲಿದ್ದು, ದಾರಿಗೆ ಮರ ಬಿದ್ದಿದ್ದರೆ ಇನ್ನೂ ಒಂದನ್ನು ಕೂಡಿಸಿಕೊಳ್ಳಬೇಕು. ನಮ್ಮ ಮಾತಿನಲ್ಲಿಯೂ ಈ ಓದಿಗೆ ಬೇಕಾದ ಅಕ್ಷರಗಳೆಲ್ಲ ಇದ್ದವು. ಮಡು, ಸುಳಿ, ಸೆಳವು, ಮರುಸೆಳವು, ಕಡವು, ಹೊಸನೀರು, ಕೆನ್ನೀರು—ಒಂದೊಂದೂ ಒಂದು ಎಚ್ಚರಿಕೆ. ಹರಿಗೋಲಿನ ಅಂಬಿಗ ಈ ಪದಗಳನ್ನು ಕವಿತೆಗೆಂದು ಇಟ್ಟುಕೊಂಡಿರಲಿಲ್ಲ. ಎಲೆಕಡ್ಡಿಗಳು ತೇಲಿಬರಲು ತೊಡಗಿದುವು, ತಿಳಿನೀರು ಕದಡಿತು, ತಳದಲ್ಲಿ ಕಲ್ಲು ಉರುಳುವ ಗುಡುಗುಡು ಕೇಳಿತು ಎಂದರೆ ಹೊಸನೀರು ಬಂತೆಂದು ಅವನು ಹುಟ್ಟನ್ನು ಮೇಲೆತ್ತಿ ಕುಳಿತುಬಿಡುತ್ತಿದ್ದ. ಸೇತುವೆಗಳು ಬಂದುವು, ಅಂಬಿಗ ಹೋದ, ಅದು ಒಳ್ಳೆಯದೇ. ಅವನ ಪದಗಳು ಅವನೊಡನೆಯೇ ಹೋಗಬೇಕಾಗಿರಲಿಲ್ಲ.

ಉಳಿದ ಸಲಕರಣೆಗಳ ವಿಚಾರವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅವು ಅಂಗಡಿಯಲ್ಲಿ ಸಿಗುತ್ತವೆ. ತಲೆಗೆ ಹೆಲ್ಮೆಟ್, ಮೈಗೆ ಬಿಗಿಯಾಗಿ ಕಟ್ಟಿದ ಲೈಫ್ ಜಾಕೆಟ್, ಎಸೆಯುವುದಕ್ಕೆ ಚೀಲದಲ್ಲಿ ಸುತ್ತಿಟ್ಟ ಹದಿನೈದಿಪ್ಪತ್ತು ಮೀಟರ್ ಹಗ್ಗ, ಅದನ್ನು ಎಸೆದು ಅಭ್ಯಾಸವಿರುವ ಕೈ. ಮೂವರಿಗಿಂತ ಕಡಿಮೆ ಜನ ಹೋಗಕೂಡದು. ನೀರಿಗೆ ಬಿದ್ದವನು ಓಡುವ ಹರಿವಿನಲ್ಲಿ ಎದ್ದು ನಿಲ್ಲಲು ಯತ್ನಿಸಕೂಡದು. ಕಾಲು ಬಂಡೆಯ ಸಂದಿಗೆ ಸಿಕ್ಕರೆ ಸೊಂಟದುದ್ದದ ನೀರೂ ಅವನನ್ನು ಮಗುಚಿ ಅದುಮಿಬಿಡುತ್ತದೆ. ಅಂಗಾತ ಮಲಗಿ, ಕಾಲುಗಳನ್ನು ಮುಂದುಮಾಡಿ ನೀರಿನ ಮೇಲ್ಮೈಗೆ ತಂದು, ದಡದ ಕಡೆಗೆ ಓರೆಯಾಗಿ ಸಾಗಬೇಕು. ನಡುವೆ ಎಲ್ಲೆಲ್ಲಿ ದಡ ಸೇರಬಹುದೆಂಬುದು ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಮಳೆಗಾಲದ ಕಾಡಿನಲ್ಲಿ ಐದು ಗಂಟೆಗೇ ಕತ್ತಲೆ, ಹೊರಡುವುದು ಬೆಳಗ್ಗೆ. ಉತ್ತರೆ, ಹಸ್ತ ಮಳೆಗಳ ಕಾಲಕ್ಕೆ ಹೊಳೆ ಇಳಿದು ತಿಳಿಯಾಗುತ್ತದೆ, ಹೊಸಬರಿಗೆ ಅದೇ ಹದ. ಆಗಲೂ ಮಧ್ಯಾಹ್ನದ ಮೇಲೆ ಗುಡುಗುಮಳೆ ಬರುವುದುಂಟು. ಭದ್ರೆಯ ಮೇಲ್ಭಾಗ ೧೯೮೭ರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಎಲ್ಲೆಗೆ ಸೇರಿದೆಯಾದ್ದರಿಂದ ಅಪ್ಪಣೆಯಿಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ. ಬಾಡಿಗೆ ದೋಣಿಗಳ ಕೆಲವು ಮಾಲಿಕರು 'ಏನಾದರೂ ನಾವು ಹೊಣೆಯಲ್ಲ' ಎಂಬ ಕಾಗದಕ್ಕೆ ಸಹಿ ಮಾಡಿಸಿಕೊಳ್ಳುತ್ತಾರೆ. ಆ ಕಾಗದ ನೀರಿನಲ್ಲಿ ತೇಲುತ್ತದೆ, ಸಹಿ ಮಾಡಿದವನು ತೇಲುವನೆಂಬ ಭರವಸೆಯಿಲ್ಲ. ಸಹಿ ಹಾಕುವ ಮುನ್ನ ಅಂದಿನ ನೀರಿನ ಮಟ್ಟ ಎಷ್ಟೆಂದು ಅವರನ್ನು ಕೇಳಿ. ಉತ್ತರ ಅಂಕಿಯಲ್ಲಿ ಬಾರದಿದ್ದರೆ ಬಸ್ಸು ಹತ್ತಿ.

ಅಂಕಿ—ನಾನು ಹೇಳಹೊರಟದ್ದು ಇದನ್ನೇ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣಮಟ್ಟ ೧೮೬ ಅಡಿ ಎಂಬುದು ದಾವಣಗೆರೆಯ ರೈತನಿಗೆ ಬಾಯಿಪಾಠ. ಇಂದು ಎಷ್ಟು ಅಡಿಯಿದೆ, ಒಳಹರಿವು ಎಷ್ಟು ಎಂದು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ನೀರು ಅಣೆಕಟ್ಟನ್ನು ಸೇರಿದ ಮೇಲೆ ಅದಕ್ಕೆ ಅಂಗುಲ ಅಂಗುಲದ ಲೆಕ್ಕವಿದೆ. ಸೇರುವ ಮುನ್ನ, ಕಳಸದಲ್ಲಿ, ಬಾಳೆಹೊನ್ನೂರಿನಲ್ಲಿ ಜನರ ಅಂಗಳವನ್ನು ಹಾಯುವಾಗ, ಹೊಳೆಗೆ ಹೋಗುವವನ ಕಣ್ಣಿಗೆ ಬೀಳುವಂತೆ ಅದರ ಅಂಕಿಯನ್ನು ಯಾರೂ ಬರೆದಿಡುವುದಿಲ್ಲ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ನೆರೆನೀರು ಹರಿದು ಸಂಚಾರ ನಿಂತಿತೆಂಬ ಸುದ್ದಿಯನ್ನು ಎಷ್ಟು ಮಳೆಗಾಲಗಳಲ್ಲಿ ಓದಿಲ್ಲ! ೨೦೧೯ರ ಆಗಸ್ಟಿನ ಆಶ್ಲೇಷ ಮಳೆಯಲ್ಲಿ, ಮೂಡಿಗೆರೆಯ ಬೆಟ್ಟಗಳು ಕುಸಿದು ಮನೆತೋಟಗಳು ಮಣ್ಣುಪಾಲಾದ ಆ ದಿನಗಳಲ್ಲಿ, ಆ ಸೇತುವೆ ನೀರಿನಡಿ ಇತ್ತು. ಮುಳುಗಿತು, ಇಲ್ಲವೇ ಮುಳುಗಿಲ್ಲ—ಎರಡೇ ಮಾತು. ಮುಳುಗಲು ನಾಲ್ಕು ಅಡಿ ಉಳಿದಿದೆ, ಮೂರು ಉಳಿದಿದೆ, ಒಂದು ಗಂಟೆಯಲ್ಲಿ ಅರ್ಧ ಅಡಿ ಏರಿತು ಎಂದು ಹೇಳುವ ಗೆರೆಗಳು ಕಂಬದ ಮೇಲಿದ್ದರೆ ಊರಿನ ಜನ ಎಷ್ಟು ಮೊದಲೇ ಎಚ್ಚರವಾಗಬಹುದು! ನಿಷೇಧದ ಫಲಕಕ್ಕೆ ಬಳಸಿದ ಕೆಂಪು ಬಣ್ಣವೇ ಇದಕ್ಕೂ ಸಾಕು. ಪ್ರತಿ ಹೊಳೆಯ ಪ್ರತಿ ಸೇತುವೆಯ ಕಂಬಕ್ಕೂ ಅಡಿಯ ಗೆರೆಗಳನ್ನು ಎಳೆಯಿರಿ. ಹತ್ತಿರದ ಶಾಲೆಯ ಮಕ್ಕಳು ಬೆಳಗ್ಗೆ ಸಂಜೆ ನೋಡಿ ಕರಿಹಲಗೆಯ ಮೇಲೆ ಬರೆಯಲಿ. ತೋಟದವರು ತಮ್ಮ ಮಳೆಯ ಅಂಕಿಯನ್ನು ಪಕ್ಕದಲ್ಲಿ ಕೂಡಿಸಲಿ. ಎರಡು ಮಳೆಗಾಲ ಹೀಗೆ ನಡೆದರೆ ಆ ಹೊಳೆಯ ಸ್ವಭಾವ ಊರಿನ ಏಳನೆಯ ತರಗತಿಗೆ ತಿಳಿದಿರುತ್ತದೆ. ಅಧ್ಯಾಪಕ ಮಿತ್ರರು ಇದನ್ನು ಹೆಚ್ಚಿನ ಹೊರೆಯೆಂದು ಎಣಿಸಬಾರದು. ಗಣಿತಕ್ಕೂ ಭೂಗೋಳಕ್ಕೂ ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ? ಜೊತೆಗೆ ಈಜನ್ನೂ ಕಲಿಸಿದರೆ ಮತ್ತೂ ಒಳಿತು. ಕೆರೆಕಟ್ಟೆಗಳ ನಾಡಿನಲ್ಲಿ ಪದವೀಧರನಾದವನಿಗೆ ಈಜು ಬಾರದೆಂದರೆ ಅದನ್ನು ಯಾರೂ ನಾಚಿಕೆಯೆಂದು ಭಾವಿಸುವುದಿಲ್ಲ, ಇದು ನನಗೆ ಎಂದೂ ಅರ್ಥವಾಗದ ಸಂಗತಿ.

ನಾಲ್ವರು ವಿದ್ಯಾರ್ಥಿಗಳು ಹತ್ತು ದಿನ ಮಳೆಯನ್ನು ಬರೆದರು, ಹಳ್ಳದ ದಂಡೆಯಲ್ಲಿ ನಡೆದರು. ಎರಡು ಕಡೆ ಮರ ಅಡ್ಡಬಿದ್ದದ್ದನ್ನೂ ಒಂದು ಕಟ್ಟೆಯನ್ನೂ ಕಂಡು ನಕ್ಷೆಯಲ್ಲಿ ಗುರುತು ಹಾಕಿಕೊಂಡರು. ಗೊತ್ತು ಮಾಡಿದ್ದ ದಿನ ಅವರ ಬಂಡೆ ಕಾಣಿಸಲೇ ಇಲ್ಲ. ದೋಣಿಯನ್ನು ಗಾಡಿಯಿಂದ ಇಳಿಸದೆ ಹಿಂದಿರುಗಿದರು. ಹಸ್ತದ ಮಳೆಯಲ್ಲಿ, ಈ ವಿದ್ಯೆಯನ್ನು ಕಲಿಸುವ ಒಬ್ಬರನ್ನು ಜೊತೆಗೆ ಕರೆದುಕೊಂಡು, ಹಳ್ಳದ ಕೆಳಗಿನ ಒಂದೂವರೆ ಮೈಲಿಯನ್ನು ಮಾತ್ರ ಇಳಿದರು. ಈಗ ಅವರಿಗೆ ದೋಣಿಗಿಂತ ಗೆರೆಯ ಹುಚ್ಚು ಹಿಡಿದಿದೆ. ತಮ್ಮ ಹಳ್ಳದ ಮೇಲಿನ ಸೇತುವೆಗೆ ತಾವೇ ಬಣ್ಣ ಹಚ್ಚುತ್ತೇವೆಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ. ಸೊನ್ನೆಯನ್ನು ಎಲ್ಲಿಂದ ಎಣಿಸಬೇಕೆಂಬುದರ ಮೇಲೆ ಈಗ ಚರ್ಚೆ ನಡೆದಿದೆ. ಹೊಳೆಯ ತಳದಿಂದ ಎಂದು ಹುಡುಗರ ಮತ. ತಳವನ್ನು ನಂಬುವಂತಿಲ್ಲ, ನೆರೆ ಬಂದು ಹೋದಾಗಲೆಲ್ಲ ಮರಳು ಜಾಗ ಬದಲಾಯಿಸುತ್ತದೆ ಎಂದು ಅಲ್ಲಿಯ ವೃದ್ಧೆಯೊಬ್ಬರ ಮತ. ಶಿವರಾತ್ರಿಯ ಹೊತ್ತಿಗೆ ನೀರು ಮುಟ್ಟುವ ಬಟ್ಟೆ ಒಗೆಯುವ ಕಲ್ಲೊಂದಿದೆಯಂತೆ, ಅದು ತಾವು ಮದುವೆಯಾಗಿ ಬಂದಂದಿನಿಂದ ಅಲುಗಿಲ್ಲವಂತೆ. ಸೊನ್ನೆ ಅಲ್ಲಿರಲಿ ಎನ್ನುತ್ತಾರೆ ಅವರು.